ಮುಳ್ಳಿಲ್ಲದ ಗಡಿಯಾರದ ಹಸಿವು

ಜೂನ್ 6

ಅಪ್ಪಾ,

‘ಒಂದೂರಿನಲ್ಲಿ ಒಂದು ಗಡಿಯಾರ ಇತ್ತು. ಅದಕ್ಕೆ ಮುಳ್ಳುಗಳೇ ಇರಲಿಲ್ಲ. ಆದರೂ...’ ಇಲ್ಲಿಗೆ ಬಂದು ನನ್ನ ನೆನಪು ನಿಂತುಬಿಡುತ್ತದೆ. ಆದರೂ ಏನು? ಮಲಗುವ ಮುಂಚೆ ನೀವು ಹೇಳುತ್ತಿದ್ದ ಕಥೆಯ ಮೊದಲ ಸಾಲು ಇದು. ಮುಳ್ಳೇ ಇಲ್ಲದ ಗಡಿಯಾರಕ್ಕೆ ‘ಆದರೂ’ ಅನ್ನುವ ಧೈರ್ಯ ಎಲ್ಲಿಂದ ಬಂತು ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಅಥವಾ ಆ ‘ಆದರೂ’ ನೀವು ಹೇಳಿದ್ದೇ ಅಲ್ಲವೋ, ನಾನೇ ಅಂಟಿಸಿಕೊಂಡದ್ದೋ?

ಕೇಳುವುದಕ್ಕೆ ಕಾರಣವಿದೆ. ಸಂಜೆ ಕಾಲೇಜಿನ ನನ್ನ ವಿದ್ಯಾರ್ಥಿಗಳಿಗಾಗಿ ಒಂದು ತೆಳ್ಳನೆಯ ಕೈಪಿಡಿ ಬರೆಯುತ್ತಿದ್ದೇನೆ. ಪಾತ್ರ, ಆವರಣ, ಹಂದರ, ಸಂಘರ್ಷ, ನಿರೂಪಕ, ಮುಕ್ತಾಯ, ಹೀಗೆ ಕಥೆ ಓದುವವರಿಗೆ ಬೇಕಾದ ಮೊದಲ ಮಾತುಗಳು. ಎಲ್ಲರೂ ಹಗಲು ದುಡಿದು ಬರುವವರು. “ಕಥೆ ಚೆನ್ನಾಗಿದೆ ಅನ್ನೋಕೆ ಇಷ್ಟೊಂದು ಹೆಸರು ಯಾಕೆ ಮೇಡಂ?” ಎಂದು ಲಿಫ್ಟ್ ರಿಪೇರಿಯವನೊಬ್ಬ ಕೇಳಿದ. ನಿಮ್ಮ ಗಡಿಯಾರ ರಿಪೇರಿ ಅಂಗಡಿ ನೆನಪಾಯಿತು. ಅಲ್ಲಿ ಪ್ರತಿ ಚಕ್ರಕ್ಕೂ ಒಂದು ಹೆಸರಿತ್ತು. ಓಡುವ ಗಡಿಯಾರಕ್ಕೆ ಆ ಹೆಸರುಗಳು ಬೇಕಿಲ್ಲ, ನಿಂತಾಗ ಬೇಕು ಎಂದು ಹೇಳಿದೆ. ಅವನು ಒಪ್ಪಿದ. ನನಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ.

‘ಆರಂಭ’ ಅನ್ನುವ ಪಾಠಕ್ಕೆ ನಿಮ್ಮ ಸಾಲು ಬೇಕು. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ನಾನು ಕೆಮ್ಮಿದ್ದು ಮಾತ್ರ ಕೇಳಿಸುತ್ತದೆ. ಉಳಿದದ್ದನ್ನು ಅಮ್ಮ ಕೂಗಿ ಹೇಳುತ್ತಾಳೆ, ಕೂಗುವಾಗ ತನಗೆ ಬೇಕಾದ್ದನ್ನು ಸೇರಿಸುತ್ತಾಳೆ. ಹಾಗಾಗಿ ಕಾಗದ.

ನಿಮ್ಮ ಮಗಳು


ಜೂನ್ 19

ದೊಡ್ಡವಳಿಗೆ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ, ‘ಸೇರಿಸುತ್ತಾಳೆ’ ಅನ್ನುವ ಸಾಲು ಬಿಟ್ಟು.

ನೀನು ಕೇಳಿದ ಸಾಲು: ಆದರೂ ಅದಕ್ಕೆ ಹಸಿವಾಗುತ್ತಿತ್ತು.

ಅದು ನನ್ನದಲ್ಲ. ‘ಮುಳ್ಳುಗಳೇ ಇರಲಿಲ್ಲ’ ಎಂದು ಶುರು ಮಾಡಿ, ಮುಂದೇನು ಎಂದು ತೋಚದೆ ನಾನು ಸುಮ್ಮನಾಗಿದ್ದೆ. ಹೊದಿಕೆಯೊಳಗಿಂದ ನಿನ್ನ ತಂಗಿ “ಆದ್ರೂ ಅದಕ್ಕೆ ಹಸಿವಾಗ್ತಿತ್ತು” ಅಂದಳು. ನೀನು ನಕ್ಕು ನಕ್ಕು ಮಂಚದಿಂದ ಬಿದ್ದೆ. ಅವತ್ತಿನಿಂದ ಕಥೆ ಹಾಗೇ ಆಯಿತು.

ಪಿಟೀಲು. ಬರೆದು ನೋಡಿದೆ. ಅದು ಬೇಕು ಇದು ಬೇಕು ಎಂದು ಬೆಳಗಿನಿಂದ ಪಿಟೀಲು ಕುಯ್ಯುತ್ತಿದ್ದವಳಿಗೆ ನಾವು ಮೂವರೂ ಸೇರಿ ಇಟ್ಟ ಹೆಸರು. ಐದು ತುಂಬಿರಲಿಲ್ಲ. ಅವಳು ಹೋದ ಮೇಲೆ ಈ ಮನೆಯಲ್ಲಿ ಆ ಹೆಸರನ್ನು ಯಾರೂ ಆಡಿಲ್ಲ. ನಿನ್ನನ್ನು ‘ದೊಡ್ಡವಳು’ ಎಂದು ಕರೆಯುವುದನ್ನೂ ಬಿಡಲಿಲ್ಲ. ಚಿಕ್ಕವಳು ಇಲ್ಲದ ಮನೆಯಲ್ಲಿ ದೊಡ್ಡವಳು ಯಾರಿಗಿಂತ ದೊಡ್ಡವಳು ಎಂದು ನೀನೂ ಕೇಳಲಿಲ್ಲ.

ಈಗ ನನ್ನ ಕೈ ನಡುಗುತ್ತದೆ. ಚಿಮಟದಿಂದ ಹಿಡಿದ ತಿರುಪು ನೆಲಕ್ಕೆ ಬಿದ್ದರೆ ಅಮ್ಮ ಬಂದು ಹುಡುಕಿಕೊಡಬೇಕು. ಒಳಗಿನ ಕೆಲಸ ಬಿಟ್ಟೆ. ಪಟ್ಟಿ ಬದಲಾಯಿಸುವುದು, ಬ್ಯಾಟರಿ ಹಾಕುವುದು, ಅಷ್ಟೇ. ಕೈಗೆ ಕೆಲಸವಿಲ್ಲದಿದ್ದರೆ ತಲೆ ಸುಮ್ಮನಿರುವುದಿಲ್ಲ. ಅವಳ ಕೊನೆಯ ದಿನವನ್ನು ಒಂದು ಕಥೆಯಾಗಿ ಬರೆಯಬೇಕು ಅಂತಿದೆ. ಬರೆದು ನಿನ್ನ ಅಮ್ಮನಿಗೆ ಓದಿ ಹೇಳಬೇಕು. ಅವಳಿಗೆ ಹೇಳಲೇಬೇಕಾದ ಒಂದು ಮಾತು ಅದರಲ್ಲಿದೆ. ಬಾಯಲ್ಲಿ ಹೇಳುವುದು ಇಷ್ಟು ವರ್ಷ ಆಗಲಿಲ್ಲ. ಓದುವುದಾದರೆ ಕಣ್ಣು ಕಾಗದದ ಮೇಲಿರುತ್ತದೆ, ಅವಳ ಮುಖ ನೋಡಬೇಕಾಗಿಲ್ಲ.

ನಿನ್ನ ಕೈಪಿಡಿಯ ಪಾಠಗಳನ್ನು ನನಗೂ ಕಳಿಸು. ಕಲಿಯದೆ ಮುಟ್ಟಿದರೆ ಗಡಿಯಾರ ಕೆಡುತ್ತದೆ, ಕಥೆಯೂ ಹಾಗೇ ಇರಬೇಕು. ಫೋನಿನಲ್ಲಿ ಇದರ ಸುದ್ದಿ ಎತ್ತಬೇಡ.

ಅಪ್ಪ


ಜುಲೈ 2

ಅಪ್ಪಾ,

ನಿಮ್ಮ ಕಾಗದದಲ್ಲಿ ಆ ಹೆಸರು ಇದ್ದ ಜಾಗದಲ್ಲಿ ಶಾಯಿ ಸ್ವಲ್ಪ ದಪ್ಪವಾಗಿದೆ. ಪೆನ್ನು ಅಲ್ಲಿ ಎಷ್ಟು ಹೊತ್ತು ನಿಂತಿತ್ತು?

ಪಾಠಕ್ಕೆ ಬರುತ್ತೇನೆ.

ಪಾತ್ರ ಎಂದರೆ ಕಥೆಯೊಳಗಿನ ವ್ಯಕ್ತಿ. ಅವಳು ಒಳ್ಳೆಯವಳು, ಮುದ್ದಾದವಳು ಎಂದು ಬರೆದರೆ ಪಾತ್ರ ಹುಟ್ಟುವುದಿಲ್ಲ. ಅವಳಿಗೆ ಏನು ಬೇಕಿತ್ತು ಎಂದು ಬರೆದರೆ ಹುಟ್ಟುತ್ತದೆ. ಪಿಟೀಲಿನ ವಿಷಯದಲ್ಲಿ ನಿಮಗೆ ಇದು ಕಷ್ಟವಾಗಲಾರದು.

ಆವರಣ ಎಂದರೆ ಕಥೆ ನಡೆಯುವ ಜಾಗ ಮತ್ತು ಹೊತ್ತು. ನಮ್ಮ ಇಳಿಜಾರು ಬೀದಿ. ಮುಂದೆ ಅಂಗಡಿ, ಹಿಂದೆ ಮನೆ, ಅಂಗಡಿಯ ಬಾಗಿಲೇ ಮನೆಯ ಬಾಗಿಲು. ಎದುರಿಗೆ ಬೇಕರಿ.

ಹಂದರ ಮುಖ್ಯವಾದದ್ದು. ‘ಆಕೆ ಕಿಟಕಿ ಮುಚ್ಚಿದಳು. ಆಮೇಲೆ ಬೀದಿಯಲ್ಲಿ ಹಾಡು ನಿಂತಿತು.’ ಇದು ಬರೀ ಘಟನೆಗಳ ಸಾಲು. ‘ಆಕೆ ಕಿಟಕಿ ಮುಚ್ಚಿದ್ದಕ್ಕೇ ಬೀದಿಯಲ್ಲಿ ಹಾಡು ನಿಂತಿತು.’ ಇದು ಹಂದರ. ಒಂದರ ನಂತರ ಒಂದು ಬಂದರೆ ಸಾಲದು, ಒಂದರಿಂದ ಒಂದು ಬರಬೇಕು.

ಇನ್ನೊಂದು ಮಾತು. ಅವತ್ತು ನಾನು ಶಾಲೆಯಲ್ಲಿದ್ದೆ. ಅಲ್ಲಿಂದಲೇ ಅತ್ತೆ ಬಂದು ಅವರ ಮನೆಗೆ ಕರೆದುಕೊಂಡು ಹೋದರು. ವಾಪಸು ಬಂದಾಗ ಮಂಚ ಒಂದೇ ಇತ್ತು. ಬೀದಿಯಲ್ಲಿ ವ್ಯಾನು ಹೊಡೆಯಿತು ಎಂದಷ್ಟೇ ಗೊತ್ತು, ಅದೂ ಶಾಲೆಯ ಹುಡುಗಿಯರಿಂದ. ಹಾಗಾಗಿ ನಿಮ್ಮ ಕಥೆಗೆ ಅಮ್ಮನಲ್ಲದೆ ಓದುವವಳು ಇನ್ನೂ ಒಬ್ಬಳಿದ್ದಾಳೆ.

ನಿಮ್ಮ ಮಗಳು


ಜುಲೈ 30

ದೊಡ್ಡವಳಿಗೆ,

ಬರೆದಿದ್ದೇನೆ. ನಡುಗುವ ಕೈಯಿಂದ ಇಷ್ಟೇ ಆಗಿದ್ದು. ಏನು ಬರೀತಿದ್ದೀರಿ ಎಂದು ಅಮ್ಮ ಕೇಳಿದರೆ ದೊಡ್ಡವಳ ಪಾಠ ಅನ್ನುತ್ತೇನೆ. “ಪರೀಕ್ಷೆ ಯಾವಾಗ? ಪಾಸಾದ್ರೆ ಹೇಳಿ, ಬೀದಿಗೆಲ್ಲಾ ಸಿಹಿ ಹಂಚ್ತೀನಿ” ಅನ್ನುತ್ತಾಳೆ.

‘ಬೆಳಿಗ್ಗೆ ದೊಡ್ಡವಳು ಚೀಲ ಹಾಕಿಕೊಂಡು ಶಾಲೆಗೆ ಹೋದಳು. ಆಮೇಲೆ ಚಿಕ್ಕವಳು ತನಗೂ ಚೀಲ ಬೇಕೆಂದು ಪಿಟೀಲು ಕುಯ್ದಳು. ಆಮೇಲೆ ಅವಳ ಅಮ್ಮ ಹಳೆಯ ದಿಂಬಿನ ಕವರಿಗೆ ಎರಡು ಪಟ್ಟಿ ಹೊಲಿದು ಕೊಟ್ಟಳು. ಆಮೇಲೆ ಅವಳು ಅದರಲ್ಲಿ ಒಂದು ಚಮಚ, ಒಂದು ಕಾಲುಚೀಲ, ಅಂಗಡಿಯಲ್ಲಿ ಬಿದ್ದಿದ್ದ ಮುಳ್ಳಿಲ್ಲದ ಒಂದು ಗಡಿಯಾರ ತುಂಬಿಕೊಂಡಳು. ಆಮೇಲೆ “ನಾನು ಆಫೀಸಿಗೆ ಹೋಗ್ಬರ್ತೀನಿ” ಎಂದು ಎದುರಿನ ಬೇಕರಿಗೆ ಹೊರಟಳು. ಅಲ್ಲಿ ಬನ್ನು ಉಬ್ಬುವುದನ್ನು ನೋಡುವುದೇ ಅವಳ ಆಫೀಸು. ಅಮ್ಮ ಕೈ ಹಿಡಿದು ಬೀದಿ ದಾಟಿಸಿ ಬಂದಳು. ಆಮೇಲೆ ನಾನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದು ಕೈಗಡಿಯಾರ ಬಿಚ್ಚಿದೆ.’

ಇಲ್ಲಿಗೆ ನಿಂತಿದೆ. ಹೇಗಿದೆ ಹೇಳು. ದಾಕ್ಷಿಣ್ಯ ಬೇಡ.

ಅಪ್ಪ


ಆಗಸ್ಟ್ 12

ಅಪ್ಪಾ,

ದಾಕ್ಷಿಣ್ಯ ಬೇಡ ಎಂದಿದ್ದೀರಿ, ಆದ್ದರಿಂದ ನೇರವಾಗಿ ಬರೆಯುತ್ತೇನೆ.

ದಿಂಬಿನ ಕವರು ಚೆನ್ನಾಗಿದೆ. ಚಮಚ, ಕಾಲುಚೀಲ ಚೆನ್ನಾಗಿವೆ. ಅವಳು ಕಣ್ಣ ಮುಂದೆ ಬಂದು ನಿಲ್ಲುತ್ತಾಳೆ. ಆದರೆ ಸಾಲುಸಾಲಿಗೂ ‘ಆಮೇಲೆ’. ವಿದ್ಯಾರ್ಥಿಗಳ ಉತ್ತರ ತಿದ್ದುವ ಹಾಗೆ ಪ್ರತಿಯೊಂದರ ಕೆಳಗೂ ಕೆಂಪು ಗೆರೆ ಎಳೆದು ನಿಮ್ಮ ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ಎಲ್ಲಿಯೂ ‘ಅದಕ್ಕೇ’ ಇಲ್ಲ. ಯಾವುದರಿಂದ ಯಾವುದಾಯಿತು? ಕಾರಣವಿಲ್ಲದೆ ಹಂದರವಿಲ್ಲ ಎಂದು ಹಿಂದಿನ ಪಾಠದಲ್ಲೇ ಹೇಳಿದ್ದೆ. ಅದೂ ಅಲ್ಲದೆ, ಕಥೆ ಶುರುವಾಗಬೇಕಾದ ಜಾಗದಲ್ಲಿ ನೀವು ಭೂತಗನ್ನಡಿ ಹಾಕಿಕೊಂಡು ಕುಳಿತುಬಿಡುತ್ತೀರಿ. ಬೇಕರಿಗೆ ಹೋದವಳನ್ನು ಅಮ್ಮ ಕೈ ಹಿಡಿದು ದಾಟಿಸಿದ್ದಳಲ್ಲ, ಮತ್ತೆ ಬೀದಿಯ ಮಧ್ಯಕ್ಕೆ ಒಬ್ಬಳೇ ಯಾಕೆ ಬಂದಳು? ಓದುಗರು ಅದನ್ನು ಕೇಳಿಯೇ ಕೇಳುತ್ತಾರೆ.

ತಿದ್ದಿ ಕಳಿಸಿ.

ನಿಮ್ಮ ಮಗಳು


ಅಕ್ಟೋಬರ್ 3

ದೊಡ್ಡವಳಿಗೆ,

ತಿದ್ದಿದ್ದೇನೆ.

ಬೇಕರಿಯಾಕೆ ನಮ್ಮ ಅಂಗಡಿಯ ಬಾಗಿಲಿಗೆ ಬಂದು, ಮಗುವನ್ನು ಈಗ ಕಳಿಸಲೋ, ಇನ್ನೂ ಸ್ವಲ್ಪ ಹೊತ್ತು ಇರಲೋ ಎಂದು ಕೇಳಿದಳು. ನಾನು ತಲೆ ಎತ್ತದೆ “ಕಳ್ಸಿ” ಅಂದೆ. ಅದಕ್ಕೇ ಅವಳು ವಾಪಸು ಹೋಗಿ ಮಗುವನ್ನು ಬೇಕರಿಯ ಬಾಗಿಲಿಗೆ ತಂದು, ಅಪ್ಪ ಎದುರಿಗೇ ಇದ್ದಾರಲ್ಲ ಎಂದು ಕೈ ಬಿಟ್ಟಳು. ಅದಕ್ಕೇ ಮಗು ಓಡಿತು. ಅದಕ್ಕೇ, ಇಳಿಜಾರಿನಲ್ಲಿ ನಿಧಾನವಾಗಿಯೇ ಬರುತ್ತಿದ್ದ ವ್ಯಾನಿನವನಿಗೆ ನಿಲ್ಲಿಸಲು ಆಗಲಿಲ್ಲ. ಸದ್ದಾದ ಮೇಲೆ ನಾನು ತಲೆ ಎತ್ತಿದ್ದು.

ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಬಹುದಿತ್ತು.

ನೀನು ಕೇಳಿದ ಕಾರಣ ನಾನು. ಇದನ್ನು ಹೇಗೆ ಬರೆದರೂ ‘ಆಮೇಲೆ’ ತೆಗೆದು ‘ಅದಕ್ಕೇ’ ಹಾಕಿದ ಕಡೆಯೆಲ್ಲ ನಾನೇ ಬಂದು ಕೂರುತ್ತೇನೆ. ಆದ್ದರಿಂದ ‘ಆಮೇಲೆ’ ಎಂದು ಬರೆದಿದ್ದೆ. ಬರೆಯುವುದು ಬಾರದೆ ಅಲ್ಲ.

ಇದನ್ನು ನಿನ್ನ ಅಮ್ಮನಿಗೆ ಓದುವ ಧೈರ್ಯ ನನಗಿಲ್ಲ. ಪಾಠ ಸಾಕು.

ಅಪ್ಪ


ಅಕ್ಟೋಬರ್ 11

ಅಪ್ಪಾ,

ಎರಡು ಸಲ ಬರೆದು ಹರಿದೆ. ಮಗಳಾಗಿ ಏನು ಬರೆಯಬೇಕೋ ತಿಳಿಯುತ್ತಿಲ್ಲ. ‘ನಿಮ್ಮ ತಪ್ಪಲ್ಲ’ ಎಂದು ಬರೆದರೆ ಅದು ಯಾರು ಬೇಕಾದರೂ ಬರೆಯಬಹುದಾದ ಸಾಲು. ನೀವು ಅದನ್ನು ನಂಬುವುದೂ ಇಲ್ಲ.

ಕೆಂಪು ಗೆರೆ ಎಳೆದದ್ದು ಟೀಚರಲ್ಲ. ಅವತ್ತು ಶಾಲೆಯಿಂದ ನೇರವಾಗಿ ಅತ್ತೆಯ ಮನೆಗೆ ಹೋದ ಹುಡುಗಿ. ಅವಳಿಗೆ ಕಾರಣ ಬೇಕಾಗಿತ್ತು. ಈಗ ಸಿಕ್ಕಿದೆ. ಸಿಕ್ಕಿದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದೇನೆ.

ನೀವು ಬೇಡವೆಂದರೂ ಒಂದೇ ಒಂದು ಪಾಠ ಬರೆಯುತ್ತೇನೆ, ಏಕೆಂದರೆ ನನಗೆ ಬರುವುದು ಅದೊಂದೇ. ನಿರೂಪಕ. ಕಥೆಯನ್ನು ಯಾರು ಹೇಳುತ್ತಿದ್ದಾರೆ ಅನ್ನುವುದರ ಮೇಲೆ ಕಥೆಯೇ ಬೇರೆಯಾಗುತ್ತದೆ. ನಿಮ್ಮ ಕಥೆಯಲ್ಲಿ ಅಮ್ಮ ಮಗುವನ್ನು ಬೀದಿ ದಾಟಿಸಿ ಒಳಗೆ ಹೋಗುತ್ತಾಳೆ, ಮತ್ತೆ ಬರುವುದೇ ಇಲ್ಲ. ಅವಳು ಎಲ್ಲಿದ್ದಳು? ಅದೇ ಹೊತ್ತನ್ನು ಅವಳು ಹೇಳಿದರೆ ಹೇಗಿರುತ್ತದೆ? ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಓದಿ ಹೇಳಿ, ಅಪ್ಪಾ. ಕಣ್ಣು ಕಾಗದದ ಮೇಲೇ ಇರಲಿ.

ನಿಮ್ಮ ಮಗಳು


ನವೆಂಬರ್ 5

ದೊಡ್ಡವಳೇ,

ನಾನು ಅಮ್ಮ. ನಾನು ಕಾಗದ ಬರೆದು ಕಾಲವಾಯಿತು, ಅಕ್ಷರ ಸೊಟ್ಟಗಿದ್ದರೆ ಗೆರೆ ಎಳೆಯಬೇಡ.

ನಿನ್ನ ಅಪ್ಪ ತಿಂಗಳಿನಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಏನಾಗಿದೆ ಎಂದು ಕೇಳಿ ಕೇಳಿ ಬಾಯಿ ನೋವು ಬಂದಮೇಲೆ, ನಿನ್ನೆ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು ಬಂದು, “ಕೂತ್ಕೋ, ಒಂದು ಓದ್ತೀನಿ, ಮಧ್ಯ ಮಾತಾಡ್ಬೇಡ” ಅಂದರು. ಓದಿದರು. ಕಾಗದದಿಂದ ಕಣ್ಣು ಎತ್ತಲಿಲ್ಲ. ನಾನು ಹೊಲಿದ ದಿಂಬಿನ ಕವರು ಅವರಿಗೆ ನೆನಪಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮುಗಿಸಿ ಕನ್ನಡಕ ತೆಗೆದು ಕೂತರು.

“ಸುಳ್ಳು ಬರ್ದಿದೀರ” ಅಂದೆ.

“ಯಾವುದು ಸುಳ್ಳು?”

“ಕಳ್ಸಿ ಅಂದಿದ್ದು ನೀವಲ್ಲ, ನಾನು. ಒಳಗಿಂದ ಕೂಗಿ ಹೇಳ್ದೆ.”

“ನೀನು ನಲ್ಲಿ ಬಿಟ್ಕೊಂಡು ಬಟ್ಟೆ ಒಗೀತಿದ್ದೆ. ಬಾಗಿಲಲ್ಲಿ ಆಡಿದ ಮಾತು ನಿನಗೆ ಹೇಗೇ ಕೇಳ್ಸುತ್ತೆ?”

“ನಿಮಗೆ ಆ ಭೂತಗನ್ನಡಿ ಕಣ್ಣಲ್ಲಿದ್ರೆ ಸೂರು ಕಿತ್ಕೊಂಡು ಬಿದ್ರೂ ಕೇಳ್ಸಲ್ಲ. ನಿಮ್ಮ ಜೊತೆ ಸಂಸಾರ ಮಾಡಿರೋಳು ನಾನು, ನನಗೆ ಗೊತ್ತಿಲ್ವಾ?”

“ನಾನು ಅಂದೆ ಅಂದ್ರೆ ಅಂದೆ ಕಣೇ.”

“ಅಂದಿಲ್ಲ ಅಂದ್ರೆ ಅಂದಿಲ್ಲ ಕಣ್ರೀ!”

ಬೇರೆ ಮನೆಗಳಲ್ಲಿ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ನಾವು ಇಬ್ಬರು ಮುದುಕರು ಅದನ್ನು ಕಿತ್ತುಕೊಳ್ಳುವುದಕ್ಕೆ ಜಗಳವಾಡಿದೆವು. ಕೊನೆಗೆ ಮಹಡಿಯ ಮೇಲಿನವರು ನೆಲ ಕುಟ್ಟಿದರು. ಆಗ ಸುಮ್ಮನಾದೆವು.

ನಿನಗೆ ಒಂದು ಹೇಳುತ್ತೇನೆ. ಅವತ್ತಿನಿಂದ ನಿನ್ನ ಅಪ್ಪ ನನ್ನ ಮುಖ ನೋಡಿ ಊಟ ಮಾಡಿದವರಲ್ಲ. ತಟ್ಟೆ ನೋಡಿಕೊಂಡು ಉಂಡು ಎದ್ದು ಹೋಗುತ್ತಿದ್ದರು. ನಾನು ‘ಕಳ್ಸಿ’ ಅಂದದ್ದನ್ನು ಅವರು ಕೇಳಿಸಿಕೊಂಡಿದ್ದಾರೆ, ಅದಕ್ಕೇ ನೋಡುವುದಿಲ್ಲ ಎಂದು ನಾನು ತಿಳಿದಿದ್ದೆ. ಬಾಯಿ ಬಿಟ್ಟು ಬೈದರೂ ಸಾಕಿತ್ತು, ಯಾವತ್ತು ಬೈಯುತ್ತಾರೋ ಎಂದು ಕಾದೆ. ಅವರು ಅವರದೇ ಹೊರೆ ಹೊತ್ತುಕೊಂಡು ತಲೆ ತಗ್ಗಿಸಿದ್ದರಂತೆ. ಇದನ್ನು ಏನೆಂದು ಕರೆಯುತ್ತಾರೆ ನಿನ್ನ ಪುಸ್ತಕದಲ್ಲಿ?

ಯಾರು ಅಂದದ್ದು ಎಂದು ಕೇಳೋಣವೆಂದರೆ ಬೇಕರಿಯಾಕೆ ಎಂದೋ ಊರು ಬಿಟ್ಟಳು. ಈಗ ಇದ್ದಾಳೋ ಇಲ್ಲವೋ. ಅಲ್ಲೀಗ ಪೇಂಟಿನ ಅಂಗಡಿ.

ನಿನ್ನೆ ಸಂಜೆ ಇಬ್ಬರೂ ಕೂತು ಅವಳ ಹೆಸರು ಹಿಡಿದು ಮಾತಾಡಿದೆವು. ಮೊದಲು ನಾನು ಅಂದೆ. ಆಮೇಲೆ ಅವರು ಅಂದರು.

ಅಮ್ಮ


ನವೆಂಬರ್ 20

ಅಪ್ಪಾ, ಅಮ್ಮಾ,

ಇಬ್ಬರಿಗೂ ಸೇರಿಸಿ ಬರೆಯುತ್ತಿರುವ ಮೊದಲ ಕಾಗದ ಇರಬೇಕು ಇದು.

ಅಮ್ಮಾ, ನೀನು ಕೇಳಿದ್ದಕ್ಕೆ ನನ್ನ ಪುಸ್ತಕದಲ್ಲಿ ಹೆಸರಿಲ್ಲ. ಇಬ್ಬರು ಎದುರುಬದುರಾದರೆ ಅದನ್ನು ಸಂಘರ್ಷ ಅನ್ನುತ್ತೇವೆ. ಇಬ್ಬರೂ ಒಂದೇ ತಪ್ಪನ್ನು ಒಳಗೊಳಗೇ ಹೊತ್ತುಕೊಂಡು ಒಂದೇ ಮನೆಯಲ್ಲಿ ಊಟ ಬಡಿಸಿದ್ದಕ್ಕೆ, ಉಂಡದ್ದಕ್ಕೆ ಯಾವ ಹೆಸರಿಡಬೇಕೋ ತಿಳಿಯದು. ಸಂಘರ್ಷದ ಪಾಠ ಬರೆಯಲು ಕುಳಿತು ನಿನ್ನ ಕಾಗದ ತೆಗೆದು ಓದಿದೆ. ಪಾಠ ಹಾಗೇ ಉಳಿದಿದೆ.

ಹಂದರದ ಪಾಠಕ್ಕೆ ಒಂದು ಸಾಲು ಸೇರಿಸಿದ್ದೇನೆ: ಕಾರಣ ಎಂದು ನಾವು ಹಿಡಿದುಕೊಂಡದ್ದು ಕೆಲವೊಮ್ಮೆ ನಮ್ಮ ನೆನಪಷ್ಟೇ ಆಗಿರಬಹುದು. ಲಿಫ್ಟಿನವನು ಅದನ್ನು ಓದಿ, “ಪರೀಕ್ಷೆಗೆ ಇದು ಬರುತ್ತಾ ಮೇಡಂ?” ಎಂದು ಕೇಳಿದ. ಬರುವುದಿಲ್ಲ ಎಂದೆ.

ಕೊನೆಯ ಪಾಠ ಮುಕ್ತಾಯ. ಘಟನೆ ಎಲ್ಲಿ ಮುಗಿಯಿತೋ ಅಲ್ಲೇ ಕಥೆ ಮುಗಿಯಬೇಕೆಂದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಹೇಳುವವರು ತೀರ್ಮಾನಿಸಬಹುದು. ಬದುಕಿನಲ್ಲಿ ಅದು ನಮ್ಮ ಕೈಯಲ್ಲಿರಲಿಲ್ಲ. ಕಥೆಯಲ್ಲಿ ಇದೆ. ಹಾಗೆ ನಿಲ್ಲಿಸಿದರೆ ಅದು ಸುಳ್ಳಲ್ಲ, ಮುಂದೆ ಏನಾಯಿತೆಂದು ಓದುವ ಮೂವರಿಗೂ ಗೊತ್ತಿರುತ್ತದೆ.

ಕೆಂಪು ಗೆರೆಗಳ ಆ ಹಾಳೆ ಇನ್ನೂ ಇದ್ದರೆ ಬಿಸಾಡಿಬಿಡಿ. ರಜೆ ಸಿಕ್ಕ ತಕ್ಷಣ ಬರುತ್ತೇನೆ. ನಾನು ಬಂದಾಗ ದೊಡ್ಡವಳೇ ಎಂದೇ ಕರೆಯಿರಿ. ಯಾರಿಗಿಂತ ಎಂದು ಈಗ ನನಗೆ ಗೊತ್ತು.

ನಿಮ್ಮ ದೊಡ್ಡವಳು


ಡಿಸೆಂಬರ್ 14

ದೊಡ್ಡವಳಿಗೆ,

ಅಕ್ಷರ ನೋಡಿಯೇ ನಿನಗೆ ತಿಳಿದಿರುತ್ತದೆ. ನಾನು ಹೇಳುತ್ತಿದ್ದೇನೆ, ಅಮ್ಮ ಬರೆಯುತ್ತಿದ್ದಾಳೆ. ನನ್ನ ಕೈಯಲ್ಲಿ ಈಗ ಪೆನ್ನು ನಿಲ್ಲುವುದಿಲ್ಲ. ಅವಳು ಕೂಗುವಾಗ ತನಗೆ ಬೇಕಾದ್ದನ್ನು ಸೇರಿಸುತ್ತಾಳೆ ಎಂದು ನೀನೇ ಹಿಂದೆ ಬರೆದಿದ್ದೆ, ಬರೆಯುವಾಗಲೂ ಹಾಗೇ. (ಆ ಸಾಲನ್ನು ಆಗ ನನಗೆ ಓದಿ ಹೇಳಿರಲಿಲ್ಲ. ಈಗ ಗೊತ್ತಾಯಿತು. ಬಾ ನೀನು ಊರಿಗೆ. ಇದು ಅಮ್ಮ.)

ಯಾರು ‘ಕಳ್ಸಿ’ ಅಂದದ್ದು ಎಂದು ಇನ್ನೂ ತೀರ್ಮಾನವಾಗಿಲ್ಲ. ದಿನಾ ಊಟದ ಹೊತ್ತಿಗೆ ಆ ಜಗಳ ಒಂದಿಷ್ಟು ನಡೆಯುತ್ತದೆ. ಜಗಳವಾಡುವಾಗ ಮುಖ ನೋಡಲೇಬೇಕಾಗುತ್ತದೆ.

ನೀನು ಹೇಳಿದ ಹಾಗೆ ಕೊನೆಯನ್ನು ನಾವೇ ಆರಿಸಿಕೊಂಡೆವು. ಅದರ ಮುಂದೆ ಬರೆಯುವುದಿಲ್ಲ. ಬೇಕರಿಯಾಕೆ ಅವತ್ತು ಏನೇನು ಹೇಳಿದಳು ಎಂಬುದರಲ್ಲಿ ಅರ್ಧ ನನಗೆ ನೆನಪಿತ್ತು, ಅರ್ಧ ಅಮ್ಮನಿಗೆ. ಸೇರಿಸಿದಾಗ ಸರಿಯಾಗಿ ಕೂತಿತು. ಕಥೆಯ ಕೊನೆಯ ಹಾಳೆ ಈ ಕಾಗದದ ಜೊತೆಗಿದೆ. ಇದಕ್ಕೆ ಗೆರೆ ಬೇಡ.

ಅಪ್ಪ, ಅಮ್ಮ


ನಾನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದು ಕೈಗಡಿಯಾರ ಬಿಚ್ಚಿದೆ. ಒಳಗೆ ಅವಳ ಅಮ್ಮ ನಲ್ಲಿ ಬಿಟ್ಟುಕೊಂಡು ಬಟ್ಟೆ ಒಗೆಯುತ್ತಿದ್ದಳು. ಬಿಸಿಲು ಮೆಟ್ಟಿಲ ತನಕ ಬಂದಿತ್ತು. ಬೀದಿಯಲ್ಲಿ ಸದ್ದಿರಲಿಲ್ಲ. ಯಾರೋ ಬಂದು ನಿಂತಂತಾಯಿತು. ಹಿಟ್ಟಿನ ಕೈಗಳನ್ನು ಒರೆಸಿಕೊಳ್ಳುತ್ತಾ ಎದುರಿನ ಬೇಕರಿಯಾಕೆ ಬಾಗಿಲಲ್ಲಿ ನಗುತ್ತಿದ್ದಳು.

“ನಿಮ್ಮ ಪಿಟೀಲು ನಮ್ಮಲ್ಲಿ ಒಂದು ಬನ್ನು ತಿಂದಾಯ್ತು. ಈಗ ಅವಳ ಚೀಲದಲ್ಲಿರೋ ಗಡಿಯಾರಕ್ಕೂ ಒಂದು ಬೇಕಂತೆ, ಅದಕ್ಕೂ ಹಸಿವಾಗಿದೆಯಂತೆ. ಇನ್ನೊಂದು ತಟ್ಟೆ ಬನ್ನು ಈಗಷ್ಟೇ ಒಲೆಗೆ ಹಾಕಿದೀನಿ. ಈಗ್ಲೇ ಕಳಿಸ್ಲಾ, ಇಲ್ಲಾ ಇನ್ನೂ ಸ್ವಲ್ಪ ಹೊತ್ತು ಇರ್ಲೇನು?”